ತಲುಪುವುದು 4:15, ಹೊರಡುವುದು 4:15

ಸೊಹಾರ್
3 ಸೆಪ್ಟೆಂಬರ್ 2025, ಬುಧವಾರ

ಅಕ್ಕನಿಗೆ ಚಲುವನ ನಮಸ್ಕಾರಗಳು.

ನಿನ್ನ ಹುಳಿಪುಡಿ ಡಬ್ಬಿಯನ್ನು ತೊಳೆದು ಒರೆಸಿ ಕಳಿಸಿದ್ದೇನೆ. ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದು ಅಮ್ಮ ಮಾಡಿಟ್ಟ ಕಟ್ಟಳೆ. ಹೆಂಡತಿ ಮಗಳನ್ನು ಮೈಸೂರಿನಲ್ಲಿ ಬಿಟ್ಟು ಒಬ್ಬನೇ ಇರುವವನ ಅಡುಗೆಮನೆಯಲ್ಲಿ ತುಂಬಿ ಕಳಿಸುವಂಥದ್ದು ಏನೂ ಇಲ್ಲ, ಅದಕ್ಕೇ ಎಂದಿನಂತೆ ಈ ಕಾಗದ. ಫೋನ್ ಮಾಡೋಣವೆಂದರೆ ನಿನಗೆ ಎಡಗಿವಿಯಲ್ಲಿ ಕೇಳಿಸುವುದಿಲ್ಲ, ಬಲಗಿವಿಯಲ್ಲಿ ನೀನು ಕೇಳಿಸಿಕೊಳ್ಳುವುದಿಲ್ಲ. ಕಾಗದವೇ ವಾಸಿ.

ಇವತ್ತು ಬೆಳಿಗ್ಗೆ ಪ್ಲಾಂಟಿಗೆ ಬರುವಾಗ ಒಂದು ಅಪಘಾತ ನೋಡಿದೆ. ಬಿಳಿ ಕಾರು ಕಂಬಕ್ಕೆ ಸುತ್ತಿಕೊಂಡಿತ್ತು. ಒಳಗಿದ್ದವರನ್ನು ಆಗಲೇ ಕರೆದೊಯ್ದಿದ್ದರು. ರಸ್ತೆಯ ನಡುವೆ ಮಗುವಿನ ನೀರಿನ ಬಾಟಲಿಯೊಂದು ನೆಟ್ಟಗೆ ನಿಂತಿತ್ತು, ಬಿದ್ದಿರಲಿಲ್ಲ. ಅದರ ಪಕ್ಕದಲ್ಲೇ ಜನ ನೂರಾನಲವತ್ತರಲ್ಲಿ ಹೋಗುತ್ತಿದ್ದರು, ಒಂದು ಕೈಯಲ್ಲಿ ಫೋನ್ ಹಿಡಿದು ಫೋಟೋ ತೆಗೆಯುತ್ತಾ. ನನಗೆ ವಾಕರಿಕೆ ಬಂತು. ಹದಿನಾರು ವರ್ಷದಿಂದ ಈ ಅರಬ್ಬರ ನಾಡಿನ ರಸ್ತೆಯಲ್ಲಿ ಇದನ್ನೇ ನೋಡುತ್ತಿದ್ದೇನೆ. ಹಿಂದಿನಿಂದ ಲೈಟ್ ಹೊಡೆಯುವವರು, ಮೈಮೇಲೆ ಬರುವವರು, ಮನೆಯಲ್ಲಿ ಹೆಂಡತಿ ಮಕ್ಕಳಿಲ್ಲವೇನೋ ಎಂಬಂತೆ ಓಡಿಸುವವರು. ಮನುಷ್ಯರೆಂದರೇ ಅಸಹ್ಯವಾಗಿಬಿಟ್ಟಿದೆ.

ಊರಿನವರನ್ನು ತಿದ್ದಲು ನನ್ನಿಂದಾಗದು. ನಮ್ಮ ಕಂಪನಿಯ ಬಸ್ಸುಗಳು ನನ್ನ ಕೈಯಲ್ಲಿವೆ. ಸೇಫ್ಟಿ ಇನ್‌ಚಾರ್ಜ್ ಎಂದು ಹೆಸರಿಟ್ಟುಕೊಂಡು ಬರೀ ಹೆಲ್ಮೆಟ್ ಎಣಿಸುವುದು ಸಾಕು ಎನಿಸಿತು. ಭಾನುವಾರದಿಂದ ನಮ್ಮ ಎಲ್ಲ ಬಸ್ಸುಗಳಿಗೂ ವೇಗಮಿತಿ ನೂರಲ್ಲ, ಎಂಬತ್ತು. ಎಂಬತ್ತೊಂದಾದರೆ ಡ್ರೈವರ್ ಕಿವಿಯ ಹತ್ತಿರ ಬೀಪ್ ಕೂಗುತ್ತದೆ, ನನ್ನ ಕಂಪ್ಯೂಟರಿನಲ್ಲಿ ಅವನ ಹೆಸರು ಕೆಂಪಾಗುತ್ತದೆ. ಗೇಟಿನ ಬೋರ್ಡಿನಲ್ಲಿ ಇವತ್ತಿಗೆ ‘ಅಪಘಾತವಿಲ್ಲದ ದಿನಗಳು 612’ ಎಂದಿದೆ. ಅದನ್ನು ಸಾವಿರ ಮಾಡಿಯೇ ನಾನು ಊರಿಗೆ ಹೋಗುವುದು.

ಗುರುವಾರದ ಬಸ್ಸಿನಲ್ಲಿ ಡಬ್ಬಿ ತರುವ ಹಕೀಂ ನಿನ್ನೆದುರು ಗೊಣಗಿದರೆ ಕಿವಿಗೆ ಹಾಕಿಕೊಳ್ಳಬೇಡ. ಒಳ್ಳೆಯ ಡ್ರೈವರ್, ಆದರೆ ಡ್ರೈವರ್. ಭಾವನಿಗೆ ನಮಸ್ಕಾರ ಹೇಳು.

ಚಲುವರಾಜು

•

ರೂವಿ
4 ಸೆಪ್ಟೆಂಬರ್ 2025, ಗುರುವಾರ

ಚಿರಂಜೀವಿ ಚಲುವನಿಗೆ ಅಕ್ಕ ಲಲಿತೆಯ ಆಶೀರ್ವಾದ.

ಇಲ್ಲಿ ಎಲ್ಲ ಸುಖ, ನನ್ನ ಮಂಡಿಯೊಂದು ಬಿಟ್ಟು. ಹಕೀಂ ಮೂರೂವರೆಗೆ ಸರಿಯಾಗಿ ನಿನ್ನ ಆಫೀಸಿನವರನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಡಬ್ಬಿ ತಂದುಕೊಟ್ಟ. ಕಾಫಿ ಕುಡಿದು ಈಗ ಹಾಲಿನ ದಿವಾನದ ಮೇಲೆ ಮಲಗಿದ್ದಾನೆ. ಐದಕ್ಕೆ ಎದ್ದು ಹೊರಡುತ್ತಾನೆ, ಅಷ್ಟರೊಳಗೆ ಇದನ್ನು ಮುಗಿಸಬೇಕು. ಅವನ ಗೊರಕೆಗೆ ನನ್ನ ಅಕ್ಷರ ನಡುಗುತ್ತಿದೆ, ಕ್ಷಮಿಸು.

ಎಂಬತ್ತರ ಸುದ್ದಿ ಓದಿದೆ. ನಿನ್ನ ಭಾವ ಇಪ್ಪತ್ತೆರಡು ವರ್ಷದಿಂದ ಎಂಬತ್ತರಲ್ಲೇ ಓಡಿಸುವುದು, ಅದಕ್ಕೆ ಯಾರೂ ಬೋರ್ಡ್ ಹಾಕಲಿಲ್ಲ. ಬಾಟಲಿಯ ವಿಷಯವನ್ನೂ ಓದಿದೆ. ಆ ಮಗು ಏನಾಯಿತೆಂದು ನೀನು ಬರೆಯಲಿಲ್ಲ. ಕೇಳಿದೆಯೋ ಇಲ್ಲವೋ?

ಹಕೀಂ ಗೊಣಗಲಿಲ್ಲ. ಎಂಬತ್ತರಲ್ಲಿ ಓಡಿಸುವುದು ಕೈಗೆ ಆರಾಮ ಎಂದ. ನಿಧಾನವಾದರೆ ತಡವಾಗುವುದಿಲ್ಲವೇ ಎಂದು ನಾನೇ ಕೇಳಿದೆ. ಅದನ್ನೆಲ್ಲ ಸಾರ್ ನೋಡಿಕೊಂಡಿರುತ್ತಾರೆ ಎಂದ. ನಿನ್ನ ಮೇಲೆ ಅವನಿಗೆ ಬಹಳ ನಂಬಿಕೆ.

ಚಟ್ನಿಪುಡಿ ಇಟ್ಟಿದ್ದೇನೆ, ಈ ಸಲ ಬೆಳ್ಳುಳ್ಳಿ ಜಾಸ್ತಿ.

ಅಕ್ಕ

•

ಸೊಹಾರ್
17 ಸೆಪ್ಟೆಂಬರ್ 2025, ಬುಧವಾರ

ಅಕ್ಕನಿಗೆ,

ಹೋದ ಗುರುವಾರ ನಿನ್ನಿಂದ ಉತ್ತರವೇ ಇಲ್ಲ. ಬರೆಯಲು ಹೊತ್ತು ಸಿಗಲಿಲ್ಲವೇ, ಅಥವಾ ಸಿಟ್ಟೇ?

ಎಂಬತ್ತು ಶುರುವಾಗಿ ಹತ್ತು ದಿನವಾಯಿತು. ಮೊದಲ ದಿನ ಮೂವರ ಹೆಸರು ಕೆಂಪಾಯಿತು, ಕರೆಸಿ ಚೆನ್ನಾಗಿ ಝಾಡಿಸಿದೆ. ಈಗ ಎಲ್ಲ ಹಸಿರು. ಮ್ಯಾನೇಜರ್ ಸಾಹೇಬರು ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿದರು.

ನೀನು ಹಕೀಂನನ್ನು ತಡದ ವಿಷಯ ಕೇಳಿದ್ದೆಯಲ್ಲ, ಆ ತಲೆನೋವನ್ನು ಹೇಗೆ ಬಗೆಹರಿಸಿದೆ ಕೇಳು. ಗುರುವಾರ ಆಫೀಸಿನವರಿಗೆ ಅರ್ಧ ದಿನ. ಬಸ್ಸು ಇಲ್ಲಿಂದ ಒಂದಕ್ಕೆ ಬಿಡುತ್ತದೆ, ಅದನ್ನು ಬೇಗ ಮಾಡುವಂತಿಲ್ಲ. ಹಿಂದಿರುಗಿ ಏಳೂವರೆಗೆ ಇಲ್ಲಿರಬೇಕು, ಎಂಟರ ಶಿಫ್ಟಿನವರನ್ನು ಕ್ಯಾಂಪಿನಿಂದ ತರಲು ಅದೇ ಬಸ್ಸು, ಅವನೇ ಡ್ರೈವರ್. ಆ ಏಳೂವರೆಯನ್ನು ಮುಟ್ಟಿದರೆ ಪ್ರೊಡಕ್ಷನ್‌ನವರು ನನ್ನ ಚರ್ಮ ಸುಲಿಯುತ್ತಾರೆ. ಇನ್ನೊಬ್ಬ ಡ್ರೈವರ್ ಬೇಕೆಂದು ಕೇಳಿದರೆ ಮ್ಯಾನೇಜರ್ ಕೊಡುವುದಿಲ್ಲ, ನಾನು ಕೇಳಲೂ ಇಲ್ಲ. ಎಂಬತ್ತರಲ್ಲಿ ಹೋಗಲು ಮೂರೂಕಾಲು ಗಂಟೆ, ಬರಲು ಮೂರೂಕಾಲು ಗಂಟೆ. ಕೂಡಿಸಿ ನೋಡಿದರೆ ನನ್ನ ಅದೃಷ್ಟಕ್ಕೆ ಸರಿಯಾಗಿ ಆರೂವರೆ. ಹೊಸ ಟ್ರಿಪ್ ಶೀಟಿನಲ್ಲಿ ‘ರೂವಿ ತಲುಪುವುದು 4:15, ರೂವಿಯಿಂದ ಹೊರಡುವುದು 4:15’ ಎಂದು ಬರೆದು ಸಹಿ ಹಾಕಿದೆ. <u>ಕಾಗದದ ಮೇಲೆ ಎಲ್ಲ ಹೊಂದಿತು.</u> ಯಾರಿಗೂ ಏನೂ ತೊಂದರೆಯಿಲ್ಲ, ರಸ್ತೆಯೂ ಕ್ಷೇಮ. ಈ ಬುದ್ಧಿ ಶಾಲೆಯಲ್ಲಿದ್ದಾಗ ಇದ್ದಿದ್ದರೆ ಅಪ್ಪನ ಏಟು ತಪ್ಪುತ್ತಿತ್ತು.

ಚಟ್ನಿಪುಡಿ ಮೂರೇ ದಿನದಲ್ಲಿ ಖಾಲಿ. ನಮ್ಮ ಆಫೀಸಿನ ಡೆಸ್ಮಂಡ್ ಬ್ರೆಡ್ಡಿಗೂ ಅದನ್ನೇ ಸವರಿಕೊಂಡು ತಿಂದ.

ಚಲುವ

•

ರೂವಿ
24 ಸೆಪ್ಟೆಂಬರ್ 2025, ಬುಧವಾರ

ಚಲುವನಿಗೆ ಆಶೀರ್ವಾದ.

ಸಿಟ್ಟೇನೂ ಇಲ್ಲ. ಹಕೀಂ ಬಂದಾಗ ಬರೆಯೋಣವೆಂದರೆ ಅವನು ನಿಲ್ಲುವುದೇ ಇಲ್ಲ. ಆದ್ದರಿಂದ ಹಿಂದಿನ ದಿನವೇ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದಕ್ಕೆ ವಾರ ಕಳೆದ ಮೇಲೆ ಉತ್ತರ, ಹಳೆಯ ಕಾಲದಂತೆ.

ಅವನ ವಿಷಯ ಸ್ವಲ್ಪ ಹೇಳಬೇಕು. ಏನು ಬಿಗುಮಾನ ಬಂದಿದೆ ಅವನಿಗೆ? ಹನ್ನೊಂದನೇ ತಾರೀಕು ಬಾಗಿಲಲ್ಲೇ ನಿಂತು ಡಬ್ಬಿ ಕೊಟ್ಟು ಡಬ್ಬಿ ತೆಗೆದುಕೊಂಡು ಹೋದ. ಒಳಗೆ ಬಾ ಎಂದರೆ ತಲೆಯಾಡಿಸಿದ. ನಾಲ್ಕು ವರ್ಷ ನನ್ನ ಮನೆಯ ಕಾಫಿ ಕುಡಿದವನು! ನೀನೇನಾದರೂ ಬೈದೆಯಾ ಎಂದುಕೊಂಡೆ. ಹದಿನೆಂಟಕ್ಕೆ ಬಿಡದೆ ಮೆಟ್ಟಿಲ ಮೇಲೆ ಕೂರಿಸಿ ಲೋಟ ಕೈಗೆ ಕೊಟ್ಟೆ. ನಾನು ಒಳಗೆ ಹೋಗಿ ಡಬ್ಬಿ ತರುವಷ್ಟರಲ್ಲಿ ಗೋಡೆಗೊರಗಿ ನಿದ್ದೆ. ಲೋಟ ಕೈಯಲ್ಲೇ ಇದೆ, ಕಾಫಿ ಮಾತ್ರ ಪೂರ್ತಿ ನನ್ನ ಹೊಸ ಕಾಲೊರಸಿನ ಮೇಲೆ. ಎಬ್ಬಿಸಿದರೆ ಗಾಬರಿಯಿಂದ ಎದ್ದು ಓಡಿದ, ಚಪ್ಪಲಿಯ ಪಟ್ಟಿ ಸಿಕ್ಕಿಸಿಕೊಳ್ಳಲೂ ನಿಲ್ಲಲಿಲ್ಲ. ನಿನ್ನ ಭಾವ ನಕ್ಕಿದ್ದೇ ನಕ್ಕಿದ್ದು. ಎಂಬತ್ತರಲ್ಲಿ ಓಡಿಸಿದರೆ ಯಾರಿಗೆ ತಾನೇ ನಿದ್ದೆ ಬರುವುದಿಲ್ಲ ಎಂದರು.

ನಿನ್ನ 4:15ರ ಲೆಕ್ಕ ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. ನೀನು ಜಾಣ, ಏನೋ ಮಾಡಿರುತ್ತೀಯ. ಕಾಲೊರಸನ್ನು ಎರಡು ಸಲ ಒಗೆದರೂ ಕಲೆ ಹೋಗಿಲ್ಲ.

ಅಕ್ಕ

•

ಸೊಹಾರ್
30 ಸೆಪ್ಟೆಂಬರ್ 2025, ಮಂಗಳವಾರ

ಅಕ್ಕನಿಗೆ,

ನಿನ್ನ ಕಾಗದ ಒಳ್ಳೆಯ ಕೆಲಸ ಮಾಡಿತು. ಹಕೀಂ ಡ್ಯೂಟಿಯ ನಡುವೆ ಯಾರದೋ ಮೆಟ್ಟಿಲ ಮೇಲೆ ಮಲಗುತ್ತಾನೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ನಿನ್ನ ಹೆಸರು ಹಾಕಲಿಲ್ಲ, ‘ವಿಶ್ವಾಸಾರ್ಹ ಮೂಲದಿಂದ ತಿಳಿದುಬಂದಂತೆ’ ಎಂದು ಬರೆದು ಎಚ್ಚರಿಕೆ ಪತ್ರ ಕೊಟ್ಟೆ. ಇದು ಮೊದಲನೆಯದು, ಎರಡನೆಯದಾದರೆ ಖಲಾಸ್, ಟಿಕೆಟ್ ಕೈಗೆ. ಜೊತೆಗೆ ರೂವಿಯಲ್ಲಿ ಯಾವ ಡ್ರೈವರೂ ಬಸ್ಸಿನಿಂದ ಇಳಿಯಕೂಡದೆಂದು ಸುತ್ತೋಲೆ ಹೊರಡಿಸಿದೆ.

ಈ ಜನರನ್ನು ನೋಡಿದರೆ ಹೇಸಿಗೆಯಾಗುತ್ತದೆ ಅಕ್ಕ. ವೇಗ ಇಳಿಸಿದರೆ ನಿದ್ದೆ ಮಾಡುತ್ತಾರೆ, ವೇಗ ಏರಿಸಿದರೆ ಜನರನ್ನು ಕೊಲ್ಲುತ್ತಾರೆ. ರಾತ್ರಿಯೆಲ್ಲ ಊರಿನವರೊಂದಿಗೆ ವಿಡಿಯೋ ಕಾಲ್, ಹಗಲು ಆಕಳಿಕೆ. ಇವರಿಗಾಗಿ ಎಷ್ಟು ಕಷ್ಟಪಟ್ಟರೂ ಅಷ್ಟೇ.

ನೀನು ಮಾತ್ರ ಹೀಗೆ ಕಣ್ಣಿಟ್ಟಿರು. ಬೋರ್ಡಿನಲ್ಲಿ ಇವತ್ತು 639.

ಚಲುವ

•

ರೂವಿ
8 ಅಕ್ಟೋಬರ್ 2025, ಬುಧವಾರ

ಚಲುವರಾಜುವಿಗೆ,

ನಾನು ನಿನಗೆ ನಗಲೆಂದು ಬರೆದದ್ದು. ನೀನು ಅದರಿಂದ ಒಬ್ಬ ಮನುಷ್ಯನ ಕೈಗೆ ಎಚ್ಚರಿಕೆ ಪತ್ರ ಕೊಟ್ಟೆ. ನನ್ನ ಕಾಲೊರಸು ನಿನ್ನ ಆಫೀಸಿನ ಫೈಲಿಗೆ ಹೋಯಿತಲ್ಲ, ಛೀ.

ಎರಡನೇ ತಾರೀಕು ಹಕೀಂ ಮೇಲೆ ಬರಲಿಲ್ಲ. ಕೆಳಗಿನಿಂದ ಹಾರ್ನ್ ಮಾಡಿದ. ಮಂಡಿ ಹಿಡಿದುಕೊಂಡು ನಾನೇ ಇಳಿದುಹೋದೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ಡಬ್ಬಿ ಕೊಟ್ಟ, ನನ್ನ ಮುಖ ನೋಡಲಿಲ್ಲ. ಯಾರು ಹೇಳಿರಬಹುದೆಂದು ಅವನಿಗೆ ಗೊತ್ತು. ಅವನಿಗೆ ಮೆಟ್ಟಿಲು ಕೊಟ್ಟವಳು ನಾನೊಬ್ಬಳೇ ತಾನೇ. ಆದರೂ ನಿಮ್ಮ ಮಂಡಿ ಹೇಗುಂಟು ಎಂದು ಕೇಳಿದ.

ಅವನು ಇನ್ನೂ ಒಂದೆರಡು ಮಾತು ಹೇಳಿದ. ಅದನ್ನು ನಿನಗೆ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾನೆ, ಬರೆಯುವುದಿಲ್ಲ. ಒಮ್ಮೆ ಬರೆದು ಆಗಿದ್ದೇ ಸಾಕು. ಆ ಪತ್ರವನ್ನು ವಾಪಸ್ ತೆಗೆದುಕೋ. ಅವನಿಗೆ ಮೊದಲಿನ ಒಂದೂವರೆ ಗಂಟೆಯನ್ನು ಎಲ್ಲಿಂದಾದರೂ ತಂದುಕೊಡು. ಇಷ್ಟೇ ಕೇಳುವುದು.

ಅಕ್ಕ

•

ಸೊಹಾರ್
15 ಅಕ್ಟೋಬರ್ 2025, ಬುಧವಾರ

ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಆಫೀಸಿನ ವಿಷಯಗಳಲ್ಲಿ ಮನೆಯವರು ತಲೆಹಾಕದಿದ್ದರೆ ಒಳ್ಳೆಯದು.

ಐದೂವರೆ ವಾರದಲ್ಲಿ ಹಕೀಂನ ಬಸ್ಸು ಒಮ್ಮೆಯೂ ಬೀಪ್ ಕೂಗಿಲ್ಲ. ನಮ್ಮಲ್ಲಿ ಅವನ ಹೆಸರೇ ಅತ್ಯಂತ ಹಸಿರು. ಅವನ ಡ್ರೈವಿಂಗ್ ಹದಗೆಟ್ಟಿದ್ದರೆ ಯಂತ್ರ ಹೇಳುತ್ತಿತ್ತು. ನಿನಗೆ ಅವನು ಏನು ಹೇಳಿದನೋ ನನಗೆ ಬೇಡ.

ದೀಪಾವಳಿಗೆ ಚಕ್ಕುಲಿ ಕಳಿಸುವುದಾದರೆ ದೊಡ್ಡ ಡಬ್ಬಿಯಲ್ಲಿ ಕಳಿಸು, ಡೆಸ್ಮಂಡ್ ಕೇಳುತ್ತಿದ್ದಾನೆ.

ಚಲುವರಾಜು

•

ಸೊಹಾರ್
23 ಅಕ್ಟೋಬರ್ 2025, ಗುರುವಾರ

ಅಕ್ಕನಿಗೆ ನಮಸ್ಕಾರಗಳು.

ಇದನ್ನು ಡೆಸ್ಮಂಡ್ ತನ್ನ ಕಾರಿನಲ್ಲಿ ತರುತ್ತಾನೆ. ಸುದ್ದಿ ನಿನಗೆ ಗೊತ್ತಾಗಿರುತ್ತದೆ. ಹದಿನಾರನೇ ತಾರೀಕು ಸಂಜೆ, ರೂವಿಯಿಂದ ಹಿಂದಿರುಗುವಾಗ ಬರ್ಕಾ ದಾಟಿದ ಮೇಲೆ ಬಸ್ಸು ರಸ್ತೆಯ ಅಂಚು ಬಿಟ್ಟು ಮೂರನೇ ವ್ಯಕ್ತಿಯೊಬ್ಬರ ಸೈಕಲ್ಲಿಗೆ ಬಡಿಯಿತು. ಆ ವ್ಯಕ್ತಿ ಬದುಕಲಿಲ್ಲ. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಹಕೀಂಗೆ ಭುಜಕ್ಕೆ ಪೆಟ್ಟು. ಈಗ ಪೊಲೀಸರ ವಶದಲ್ಲಿದ್ದಾನೆ.

ಯಂತ್ರದ ದಾಖಲೆ ತೆಗೆದು ನೋಡಿದೆ. ಬಡಿದ ಹೊತ್ತಿಗೆ ವೇಗ ಎಪ್ಪತ್ತೆಂಟು, ಮಿತಿಯೊಳಗೆ. ಬ್ರೇಕ್ ಒತ್ತಿದ ಗುರುತಿಲ್ಲ. ಕಂಪನಿಯ ವ್ಯವಸ್ಥೆಯಲ್ಲಿ ಲೋಪವಿಲ್ಲ, ಇದು ಚಾಲಕನ ವೈಯಕ್ತಿಕ ಅಜಾಗರೂಕತೆ ಎಂದು ವರದಿ ತಯಾರಾಗುತ್ತಿದೆ. ಮೊದಲೇ ಒಂದು ಎಚ್ಚರಿಕೆ ಪತ್ರ ಕೊಟ್ಟಿದ್ದು ನಮಗೆ ಅನುಕೂಲವಾಯಿತು. ನಾನು ಸಹಿ ಹಾಕಬೇಕು. ಐದೂವರೆ ವಾರ ನೆಟ್ಟಗಿದ್ದವನು ಹೀಗೆ ಮಾಡಿದನಲ್ಲ ಎಂದು ಅಸಹ್ಯವಾಗುತ್ತದೆ.

ಇನ್ನೊಂದು ವಿಷಯ. ನಮ್ಮ ಹಳೆಯ ಕಾಗದಗಳನ್ನು ನೀನು ಆ ಟ್ರಂಕಿನಲ್ಲಿ ಇಟ್ಟಿರುತ್ತೀಯಲ್ಲ, ಸುಮ್ಮನೆ ಧೂಳು. ನಿನಗೆ ಉಬ್ಬಸ ಬೇರೆ. ಈ ವರ್ಷದವನ್ನಾದರೂ ಹರಿದು ಬಿಸಾಡು. ಮುಖ್ಯವಾಗಿ ಸೆಪ್ಟೆಂಬರಿನವು.

ಚಲುವ

•

ರೂವಿ
26 ಅಕ್ಟೋಬರ್ 2025, ಭಾನುವಾರ

ಚಲುವರಾಜು,

ನನಗೆ ಉಬ್ಬಸ ಇಲ್ಲ. ಐವತ್ತೆಂಟು ವರ್ಷದಲ್ಲಿ ಯಾವತ್ತೂ ಇರಲಿಲ್ಲ. ಉಬ್ಬಸ ಇದ್ದದ್ದು ಅಪ್ಪನಿಗೆ. ಸುಳ್ಳು ಹೇಳುವಾಗ ಅಷ್ಟಾದರೂ ಜ್ಞಾಪಕ ಇಟ್ಟುಕೋ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಪ್ರತಿ ಸಲವೂ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ಮೂರನೇ ವ್ಯಕ್ತಿ ಅಂತೆ. ಅವನ ಹೆಸರು ನೂರುಲ್. ಬಾಂಗ್ಲಾದೇಶದವನು, ಬರ್ಕಾದ ಒಂದು ತೋಟದಲ್ಲಿ ಸೌತೆಕಾಯಿ ಬಿಡಿಸುವ ಕೆಲಸ. ಸಂಜೆ ಕೆಲಸ ಮುಗಿಸಿ ಬ್ರೆಡ್ ತರಲು ಹೋಗುತ್ತಿದ್ದ. ಇಷ್ಟನ್ನು ತಿಳಿಯಲು ನನಗೆ ಅರ್ಧ ದಿನ ಸಾಕಾಯಿತು. ಹಕೀಂನ ಚಿಕ್ಕಮ್ಮ ಖದೀಜಮ್ಮ ಇಲ್ಲೇ ರೂವಿಯಲ್ಲಿ ಒಂದು ಮನೆಯಲ್ಲಿ ಅಡುಗೆ ಮಾಡುತ್ತಾಳೆ, ಅವಳು ಬಂದು ಹೇಳಿದಳು. ಹಕೀಂ ಊಟ ಬಿಟ್ಟಿದ್ದಾನಂತೆ. ಊರಿನಲ್ಲಿ ಅವನ ಹೆಂಡತಿ ಆಯಿಶತ್‌ಗೆ ಭುಜಕ್ಕೆ ಪೆಟ್ಟು ಎಂದಷ್ಟೇ ಹೇಳಿದ್ದಾರಂತೆ. ನಿನ್ನ ಬೋರ್ಡು ಸೊನ್ನೆಗೆ ಬಂತೇ? ಅದನ್ನು ಬರೆಯಲಿಲ್ಲ ನೀನು.

ಈಗ ಹಕೀಂ ನನ್ನಿಂದ ಭಾಷೆ ತೆಗೆದುಕೊಂಡ ಮಾತನ್ನು ಬರೆಯುತ್ತೇನೆ. ಎರಡನೇ ತಾರೀಕು ಕಿಟಕಿಯಿಂದ ಹೇಳಿದ್ದು ಇಷ್ಟು: “ಅಕ್ಕಾ, ಬೆಳಿಗ್ಗೆ ನಾಲ್ಕೂವರೆಗೆ ಎದ್ದವ ನಾನು. ಮೊದಲು ನಿಮ್ಮಲ್ಲಿ ಒಂದು ಗಂಟೆ ಮಲಗ್ತಿದ್ದೆ, ಅದು ಸಾಕಾಗ್ತಿತ್ತು. ಈಗ ಬರ್ಕಾ ದಾಟುವಾಗ ಕಣ್ಣು ತೆರೆದೇ ಇರ್ತದೆ, ಆದ್ರೆ ರಸ್ತೆ ಕಾಣುವುದಿಲ್ಲ. ಸಾರ್‌ಗೆ ಮಾತ್ರ ಹೇಳ್ಲಿಕ್ಕೆ ಹೋಗ್ಬೇಡಿ, ಇನ್ನೊಂದು ವಾರ್ನಿಂಗ್ ಆದ್ರೆ ಊರಿಗೆ ಕಳಿಸ್ತಾರೆ.”

ಇದನ್ನು ಕೇಳಿಸಿಕೊಂಡೂ ನಾನು ಹದಿನಾಲ್ಕು ದಿನ ಸುಮ್ಮನಿದ್ದೆ. ಹದಿನಾರಕ್ಕೆ ಚಕ್ಕುಲಿ ಡಬ್ಬಿಯನ್ನು ಅದೇ ಕಿಟಕಿಯಿಂದ ಕೊಟ್ಟು, ಜೋಪಾನ, ಒಡೆಯುತ್ತದೆ ಎಂದು ಹೇಳಿದೆ. ಚಕ್ಕುಲಿಗೆ ಹೇಳಿದೆ ಕಣೋ, ಅವನಿಗಲ್ಲ. ನನ್ನ ಮೇಲೆ ನನಗೇ ಹೇಸಿಗೆ. ಭಾಷೆ ಮುರಿದರೆ ಅವನ ಕೆಲಸ ಹೋಗುತ್ತದೆ ಎಂದು ಹೆದರಿದೆ. ನಿನಗೆ ಹೇಳಿದರೆ ನೀನು ಸರಿಮಾಡುತ್ತೀಯ ಎಂಬ ನಂಬಿಕೆ ಆ ಹೊತ್ತಿಗೆ ನನಗೂ ಉಳಿದಿರಲಿಲ್ಲ.

ನಿನ್ನ ಸೆಪ್ಟೆಂಬರ್ ಹದಿನೇಳರ ಕಾಗದವನ್ನು ಈಗ ಅರ್ಥಮಾಡಿಕೊಂಡೆ. ವೇಗ ಇಳಿಸಿದ್ದು ತಪ್ಪಲ್ಲ ಚಲುವ. ಇವತ್ತೂ ಹೇಳುತ್ತೇನೆ, ಎಂಬತ್ತು ಒಳ್ಳೆಯದೇ. ಆದರೆ ಹಾಗೆ ಇಳಿಸಿದರೆ ಒಂದೂವರೆ ಗಂಟೆ ಜಾಸ್ತಿ ಬೇಕು. ಅದನ್ನು ಪ್ರೊಡಕ್ಷನ್‌ನವರಿಂದ ತೆಗೆದುಕೊಳ್ಳಲು ನಿನಗೆ ಧೈರ್ಯ ಸಾಲಲಿಲ್ಲ, ಮ್ಯಾನೇಜರನ್ನು ಕೇಳಲು ಬಾಯಿ ಬರಲಿಲ್ಲ. ನನ್ನ ದಿವಾನದ ಮೇಲೆ ಮಲಗಿದ್ದವನ ನಿದ್ದೆಯಿಂದ ಕಿತ್ತುಕೊಂಡೆ. ಆಮೇಲೆ ಅವನು ನಿದ್ದೆ ಮಾಡಿದನೆಂದು ಅವನಿಗೇ ಎಚ್ಚರಿಕೆ ಕೊಟ್ಟೆ.

ಕಾಗದ ಹರಿಯುವುದಿಲ್ಲ. ನೀನೇ ಹೋಗಿ ಆ ಟ್ರಿಪ್ ಶೀಟ್ ಯಾರು ಬರೆದದ್ದೆಂದು ಹೇಳು. ನವೆಂಬರ್ ಆರರವರೆಗೆ ಕಾಯುತ್ತೇನೆ. ನೀನು ಹೇಳದಿದ್ದರೆ ನಿನ್ನ ಕಾಗದ ಹಕೀಂನ ವಕೀಲರ ಕೈಗೆ ಹೋಗುತ್ತದೆ.

ಲಲಿತಮ್ಮ

•

ಸೊಹಾರ್
2 ನವೆಂಬರ್ 2025, ಭಾನುವಾರ

ಅಕ್ಕ,

ಎರಡು ರಾತ್ರಿ ನಿದ್ದೆಯಿಲ್ಲ. ನೀನು ನನ್ನನ್ನು ಹೊತ್ತು ಬೆಳೆಸಿದವಳು. ಮಗಳು ಆಶಿತಾಳ ಓದು ಮುಗಿಯಲು ಇನ್ನು ಏಳು ತಿಂಗಳಿದೆ. ಆ ಕಾಗದ ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ಬರೀ ಕೆಲಸವಷ್ಟೇ ಹೋದರೆ ಪುಣ್ಯ. ಹಕೀಂಗೆ ಕಂಪನಿಯೇ ವಕೀಲರನ್ನು ಕೊಡುವಂತೆ ನಾನು ಒಳಗೊಳಗೇ ಪ್ರಯತ್ನಿಸುತ್ತೇನೆ. ಅವನಿಗೆ ಹೆಚ್ಚೇನೂ ಆಗದಂತೆ ನೋಡಿಕೊಳ್ಳುತ್ತೇನೆ, ನನ್ನನ್ನು ನಂಬು.

ಬೋರ್ಡಿನ ವಿಷಯ ಕೇಳಿದ್ದೆ. ಅದು ಗೇಟಿನ ಒಳಗಿನ ಅಪಘಾತಗಳನ್ನು ಮಾತ್ರ ಎಣಿಸುತ್ತದೆ. ಇವತ್ತು 672. ನಾನೇ ಆ ನಿಯಮ ಬರೆದದ್ದು ಎಂದುಕೊಳ್ಳಬೇಡ, ಅದು ಮೊದಲಿನಿಂದಲೂ ಹಾಗೇ ಇದೆ.

ಮುಂದೆ ಹೀಗಾಗದಂತೆ ಕ್ರಮವನ್ನೂ ತೆಗೆದುಕೊಳ್ಳುತ್ತಿದ್ದೇವೆ. ಮ್ಯಾನೇಜರ್ ಸಾಹೇಬರು ಕರೆದು, ಎಂಬತ್ತು ಸಾಲದು ಅಂತ ಕಾಣುತ್ತದೆ, ಎಪ್ಪತ್ತಕ್ಕೆ ಇಳಿಸಿ ಎಂದರು. ಹೊಸ ಸುತ್ತೋಲೆ ತಯಾರಾಗುತ್ತಿದೆ. ಇದನ್ನಾದರೂ ನೀನು ಒಪ್ಪುತ್ತೀಯ.

ನಿನ್ನ ಕಾಲಿಗೆ ಬೀಳುತ್ತೇನೆ.

ಚಲುವ

•

ರೂವಿ
6 ನವೆಂಬರ್ 2025, ಗುರುವಾರ

ಚಲುವರಾಜುವಿಗೆ,

ಮಧ್ಯಾಹ್ನದವರೆಗೆ ಕಾದೆ. ಆಮೇಲೆ ಕೊಟ್ಟೆ.

ಕನ್ನಡದಿಂದ ಅರಬ್ಬಿಗೆ ನೇರವಾಗಿ ಅನುವಾದ ಮಾಡುವವರು ಇಲ್ಲಿ ಸಿಗಲಿಲ್ಲ. ನಾನು ಇಂಗ್ಲಿಷಿಗೆ ಮಾಡಿಕೊಟ್ಟೆ, ಟೈಪಿಂಗ್ ಅಂಗಡಿಯವರು ಅರಬ್ಬಿಗೆ ಮಾಡಿ ಸೀಲ್ ಹಾಕಿದರು. ಅಪ್ಪನ ಏಟಿನ ಸಾಲನ್ನು ಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ಬಿಡಲಿಲ್ಲ. ನಿನ್ನ ಭಾವ ಹೊರಗೆ ಕಾರಿನಲ್ಲಿ ಕಾದು ಕೂತಿದ್ದರು.

ನನ್ನ ಸೆಪ್ಟೆಂಬರ್ ಇಪ್ಪತ್ನಾಲ್ಕರ ಕಾಗದ ನಿನ್ನ ಹತ್ತಿರ ಇದೆ. ಅವನು ಲೋಟ ಹಿಡಿದೇ ನಿದ್ದೆಹೋದದ್ದು ಅದರಲ್ಲಿದೆ, ನಾನು ನಕ್ಕದ್ದೂ ಇದೆ. ನಿನ್ನನ್ನು ಕರೆದು ಕೇಳಿದಾಗ ಅದನ್ನೂ ಕೊಡು. ನನ್ನದನ್ನು ಮುಚ್ಚಿಟ್ಟು ನಿನ್ನದನ್ನು ಮಾತ್ರ ಕೊಟ್ಟೆನೆಂಬ ಮಾತು ಬೇಡ.

ಎಪ್ಪತ್ತರ ಸುದ್ದಿ ಓದಿ ಸ್ನಾನ ಮಾಡಿಬಂದೆ, ಅಷ್ಟು ಕೊಳಕೆನಿಸಿತು. ನೀನು ಲೆಕ್ಕದಲ್ಲಿ ಜಾಣನಲ್ಲವೇ. ಒಂದಕ್ಕೆ ಬಿಟ್ಟ ಬಸ್ಸು ಎಪ್ಪತ್ತರಲ್ಲಿ ಬಂದರೆ ರೂವಿಗೆ ಎಷ್ಟು ಗಂಟೆಗೆ ತಲುಪುತ್ತದೆ, ಏಳೂವರೆಗೆ ಅಲ್ಲಿರಬೇಕಾದರೆ ಇಲ್ಲಿಂದ ಎಷ್ಟು ಗಂಟೆಗೆ ಹೊರಡಬೇಕು? ಹಾಳೆಯ ಮೇಲೆ ಬರೆದು ನೋಡು. ಅದಾದ ಮೇಲೂ ಸಹಿ ಹಾಕುತ್ತೀಯಾದರೆ ನನಗೆ ಕಾಗದ ಬರೆಯಬೇಡ.

ಲಲಿತಮ್ಮ

•

ಸೊಹಾರ್
19 ನವೆಂಬರ್ 2025, ಬುಧವಾರ

ಅಕ್ಕನಿಗೆ,

ಎರಡು ವಾರ ನಿನ್ನ ಮೇಲೆ ಉರಿದೆ. ಬರೆದು ಬರೆದು ಹರಿದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸೋಮವಾರ ಪೊಲೀಸರು ನನ್ನನ್ನು ವಿಚಾರಣೆಗೆ ಕರೆದಿದ್ದರು. ಇದು ಖಾಸಗಿ ಕಾಗದ, ಅಕ್ಕನೊಂದಿಗೆ ತಮಾಷೆಗೆ ಬರೆದದ್ದು, ವೇಳಾಪಟ್ಟಿ ಡ್ರೈವರೇ ಕೇಳಿ ಮಾಡಿಸಿಕೊಂಡದ್ದು ಎಂದು ಹೇಳುವಂತೆ ಮ್ಯಾನೇಜರ್ ಹೇಳಿಕೊಟ್ಟಿದ್ದರು. ದಾರಿಯುದ್ದಕ್ಕೂ ಕಾರಿನಲ್ಲಿ ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ. ಎಂಬತ್ತರಲ್ಲೇ ಓಡಿಸಿದೆ.

ಕಾಗದ ಮೇಜಿನ ಮೇಲಿಟ್ಟರು. ನನ್ನ ನೀಲಿ ಪೆನ್ನು, ನಿನ್ನ ಡಬ್ಬಿಯ ಎಣ್ಣೆ ಕಲೆ. ‘ಕಾಗದದ ಮೇಲೆ ಎಲ್ಲ ಹೊಂದಿತು’ ಎಂಬುದರ ಕೆಳಗೆ ನಾನು ಗೆರೆ ಎಳೆದಿದ್ದೆ, ಸಂತೋಷಕ್ಕೆ. ಅದನ್ನು ಎಳೆದ ಕೈ ತೊಡೆಯ ಮೇಲಿತ್ತು, ನೋಡಲಾಗಲಿಲ್ಲ. ರಸ್ತೆಯಲ್ಲಿ ಮಗುವಿನ ಬಾಟಲಿಯ ಫೋಟೋ ತೆಗೆಯುತ್ತಾ ಹೋದವರ ಮೇಲೆ ಬಂದಿತ್ತಲ್ಲ, ಅದೇ ವಾಕರಿಕೆ ನನ್ನ ಮೇಲೆ ಬಂತು. ಆ ಮಗು ಏನಾಯಿತೆಂದು ನೀನು ಕೇಳಿದ್ದೆ. ನಾನು ವಿಚಾರಿಸಿರಲೇ ಇಲ್ಲ ಅಕ್ಕ. ನನಗೆ ಬೇಕಾದದ್ದು ಸುತ್ತೋಲೆಗೆ ಒಂದು ಕಾರಣ, ಅಷ್ಟೇ.

ಈ ಅಕ್ಷರ ನಿಮ್ಮದೇ ಎಂದು ಅನುವಾದಕನ ಮೂಲಕ ನನ್ನನ್ನು ಕೇಳಿದರು. ಅಕ್ಷರ ನನ್ನದು, ಗಂಟೆಗಳನ್ನು ಹಾಕಿದ್ದೂ ನಾನೇ ಎಂದೆ. ನಿನ್ನ ಕಾಗದವನ್ನೂ ಕೊಟ್ಟೆ.

ಹೊರಗಿನ ಬೆಂಚಿನಲ್ಲಿ ಹಕೀಂ ಇದ್ದ. ಜಾಮೀನಿನ ಮೇಲೆ ಬಂದಿದ್ದಾನೆ, ಭುಜಕ್ಕೆ ಪಟ್ಟಿ. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: “ಸಾರ್, ಆ ಮನುಷ್ಯನ ಸೈಕಲ್ಲಿಗೆ ಲೈಟ್ ಇತ್ತು. ನಾನು ನೋಡಿದೆ. ನೋಡಿದ್ದು ನೆನಪುಂಟು, ಕಾಲು ಬ್ರೇಕಿಗೆ ಹೋಗ್ಲಿಲ್ಲ.” ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವನ ಪಕ್ಕದಲ್ಲಿ ಜಾಗವಿತ್ತು, ಕೂರಲು ನನಗೆ ಆಗಲಿಲ್ಲ. ಕೇಸು ಮುಗಿದಿಲ್ಲ, ಅವನಿಗೆ ಏನಾಗುತ್ತದೆ, ನನಗೆ ಏನಾಗುತ್ತದೆ ಗೊತ್ತಿಲ್ಲ.

ಬಸ್ಸು ನಿಂತಿರುವ ಯಾರ್ಡಿಗೆ ಹೋಗಿ ನಿನ್ನ ಚಕ್ಕುಲಿ ಡಬ್ಬಿ ಹುಡುಕಿ ತಂದೆ. ಡ್ರೈವರ್ ಸೀಟಿನ ಹಿಂದೆ ಟವೆಲಿನಲ್ಲಿ ಸುತ್ತಿ ಕಟ್ಟಿದ್ದ, ಒಡೆಯಬಾರದೆಂದು. ಡಬ್ಬಿ ನಗ್ಗಿದೆ, ಮುಚ್ಚಳ ಕೂರುವುದಿಲ್ಲ. ಒಳಗೆ ಎರಡು ಚಕ್ಕುಲಿ ಇಡಿಯಾಗಿದ್ದವು. ತಿನ್ನಲಾಗಲಿಲ್ಲ.

ನೀನು ಕೊಟ್ಟ ಲೆಕ್ಕ ಮಾಡಬೇಕಾಗಿ ಬರಲಿಲ್ಲ. ಮ್ಯಾನೇಜರೇ ಟೈಪ್ ಮಾಡಿಸಿ ನನ್ನ ಮೇಜಿಗೆ ಕಳಿಸಿದ್ದರು. ವೇಗಮಿತಿ ಎಪ್ಪತ್ತು. ರೂವಿ ತಲುಪುವುದು 4:40. ರೂವಿಯಿಂದ ಹೊರಡುವುದು 3:50. ಯಾರೂ ಓದಿಯೇ ನೋಡಿಲ್ಲ. ಕೆಳಗೆ ಸೇಫ್ಟಿ ಇನ್‌ಚಾರ್ಜ್ ಎಂದು ಅಚ್ಚಾಗಿದೆ, ಸಹಿಯ ಜಾಗ ಖಾಲಿ ಇದೆ. ಇವತ್ತು ಮಧ್ಯಾಹ್ನ ನನ್ನ ಗೇಟ್ ಪಾಸ್ ತೆಗೆದುಕೊಂಡರು.

ಆ ಹಾಳೆಯನ್ನು ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೇನೆ. ವಕೀಲರಿಗೆ ತಲುಪಿಸು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದಲ್ಲ.

ಚಲುವ